ಹದಿನೇಳು ಮುಂಜಾವು

"ಚೊಲೊಕ್‌ಸೂ ಕೇಂದ್ರದ ಅಂಕಿಗಳನ್ನ ಕೈಬಿಟ್ಟಿದ್ದೀವಿ. ಅವು ನಂಬೋ ಹಾಗಿಲ್ಲ."

ಇಷ್ಟು ಹೇಳಿ ಹವಾಮಾನ ವಿಜ್ಞಾನಿ ಎರ್ಮೆಕ್ ಪರದೆಯ ಮೇಲಿನ ಮುಂದಿನ ಚಿತ್ರಕ್ಕೆ ಹೋಗಿಬಿಟ್ಟ. ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನ ಆ ಸಭಾಂಗಣದಲ್ಲಿ ಮೂವತ್ತು ಜನರಿದ್ದರು. ಇಪ್ಪತ್ತೊಂಬತ್ತು ಜನ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಯ ಸಾಲಿನಲ್ಲಿ ಕೂತಿದ್ದ ಒಬ್ಬಳು ಮಾತ್ರ ಬಾಯಿಗೆ ಒಯ್ಯುತ್ತಿದ್ದ ಚಹಾ ಬಟ್ಟಲನ್ನು ಕೆಳಗಿಳಿಸಿದಳು.

ಅವಳು ಮೀರಿಮ್. ಚೊಲೊಕ್‌ಸೂ ಹವಾಮಾನ ಕೇಂದ್ರದಿಂದ ಒಂದೂವರೆ ದಿನ ಪ್ರಯಾಣ ಮಾಡಿ ಬಂದವಳು. ಕಾಲ ಬಳಿಯ ಚೀಲದಲ್ಲಿ ಅವಳಪ್ಪ ಬರೆದ ಮೂವತ್ತೊಂದು ದಾಖಲೆ ಪುಸ್ತಕಗಳಿದ್ದವು, ವರ್ಷಕ್ಕೊಂದರಂತೆ. ದೇಶದ ಹವಾಮಾನ ದಾಖಲೆಗೆ ಅವನ್ನು ಸೇರಿಸಿಕೊಳ್ಳುತ್ತಾರೆ ಎಂದು ನಂಬಿ, ಮದುವೆಗೆ ಹೋಗುವವಳಂತೆ ಒಳ್ಳೆಯ ಬಟ್ಟೆ ತೊಟ್ಟು ಬಂದಿದ್ದಳು ಪಾಪ...

ಮೊದಲ ನೋಟಕ್ಕೇ ಪ್ರೀತಿ ಹುಟ್ಟಿತೆಂದುಕೊಂಡವರು ಸ್ವಲ್ಪ ತಡೆಯಿರಿ. ಮೊದಲ ನೋಟಕ್ಕೆ ಅವಳಲ್ಲಿ ಹುಟ್ಟಿದ್ದು ಆ ಬಟ್ಟಲಿನ ಚಹಾವನ್ನು ಅವನ ತಲೆ ಮೇಲೆ ಸುರಿಯಬೇಕು ಎನ್ನುವ ಆಸೆ.

ಅವಳು ಎದ್ದು ನಿಂತಳು.

"ಎರ್ಮೆಕ್ ಬಾಯ್ಕೆ..." ಎಂದಳು. ಬಾಯ್ಕೆ ಎಂದರೆ ಅಣ್ಣ. ಆ ಮರ್ಯಾದೆ ಕೇಳಿಸಿಕೊಂಡವನಿಗೆ ಚುಚ್ಚುವ ಹಾಗಿತ್ತು. "ನೀವು ಚೊಲೊಕ್‌ಸೂಗೆ ಯಾವತ್ತಾದ್ರೂ ಬಂದಿದ್ದೀರಾ?"

"ಇಲ್ಲ."

"ನಿಮ್ಮ ಕಂಪ್ಯೂಟರು?"

ಅಲ್ಲಲ್ಲಿ ನಗು ಎದ್ದಿತು. ಎರ್ಮೆಕ್ ನಗಲಿಲ್ಲ. ತಾಳ್ಮೆಯಿಂದಲೇ ವಿವರಿಸಿದ. ಮುಂದಿನ ಐವತ್ತು ವರ್ಷದ ಹವೆ ಹೇಗಿರುತ್ತದೆಂದು ಹೇಳುವ ಮುಂಚೆ ತಮ್ಮ ಕಂಪ್ಯೂಟರ್ ಮಾದರಿ ಕಳೆದ ನಲವತ್ತು ವರ್ಷದ ಹವೆಯನ್ನು ಮತ್ತೆ ಲೆಕ್ಕ ಹಾಕಿ ತೋರಿಸಬೇಕು. ಹಿಂದಿನದು ಸರಿಬಂದರೆ ಮುಂದಿನದನ್ನು ಒಂದಿಷ್ಟು ನಂಬಬಹುದು. ದೇಶದ ನಲವತ್ತೊಂದು ಕೇಂದ್ರಗಳ ಪೈಕಿ ನಲವತ್ತರಲ್ಲಿ ಲೆಕ್ಕವೂ ದಾಖಲೆಯೂ ಹತ್ತಿರ ಹತ್ತಿರ ಬಂದಿವೆ. ಒಂದರಲ್ಲಿ ಮಾತ್ರ ಚಳಿಗಾಲದ ಬೆಳಗ್ಗೆ ಇಪ್ಪತ್ತು ಡಿಗ್ರಿ ವ್ಯತ್ಯಾಸ.

"ಒಂದೋ ಉಷ್ಣಮಾಪಕ ಕೆಟ್ಟಿರಬೇಕು. ಇಲ್ಲಾ... ಓದೋರು ಮನೆಯಿಂದ ಹೊರಗೆ ಹೋಗದೇನೇ ಬರೆದಿರಬೇಕು."

ಮೀರಿಮ್‌ಳ ಮುಖಕ್ಕೆ ರಕ್ತ ನುಗ್ಗಿತು. ಸಿಟ್ಟಿಗೆ ಎಂದು ಎಲ್ಲರೂ ಅಂದುಕೊಂಡರು.

"ಓದಿದವರು ನಮ್ಮಪ್ಪ" ಎಂದಳು.

ಅಧ್ಯಕ್ಷತೆ ವಹಿಸಿದ್ದ ಹಿರಿಯ ವಿಜ್ಞಾನಿ ಝೈನಾ ಎಜೆ, ಎಂದರೆ ಝೈನಾ ಅಕ್ಕ, ಕನ್ನಡಕ ತೆಗೆದು ಒರೆಸಿದರು. ಮಾರ್ಚ್ ಸಭೆಯಲ್ಲಿ ತೀರ್ಮಾನ, ಅಲ್ಲಿಯವರೆಗೆ ಪುಸ್ತಕಗಳು ಒಳಗೂ ಇಲ್ಲ ಹೊರಗೂ ಇಲ್ಲ, ಅಷ್ಟರೊಳಗೆ ಯಾರಾದರೂ ಹೋಗಿ ಆ ಜಾಗವನ್ನು ಕಣ್ಣಾರೆ ನೋಡಿ ಬನ್ನಿ ಎಂದರು.

ಹೋಗುವವನು ತಾನೇ ಎಂದು ಎರ್ಮೆಕ್ ಕೈ ಎತ್ತುತ್ತಾನೆಂದು ಯಾರೂ ಎಣಿಸಿರಲಿಲ್ಲ.

* * *

ಜನವರಿಯಲ್ಲಿ ಅವನು ಬಂದಾಗ ಚೊಲೊಕ್‌ಸೂ ಕಣಿವೆ ಬಿಳಿಯಾಗಿ ಮಲಗಿತ್ತು. ಜೀಪಿನಿಂದ ಇಳಿದವನ ಕಾಲಿಗೆ ಪಟ್ಟಣದ ತೆಳ್ಳನೆಯ ಬೂಟು. ಮೀರಿಮ್ ಅದನ್ನು ನೋಡಿದಳೇ ಹೊರತು ಮಾತಾಡಲಿಲ್ಲ. ಅವಳಪ್ಪ ಕುಬಾತ್, ಊರಿಗೆಲ್ಲ 'ಅತಾ' ಅಂದರೆ ಅಪ್ಪ, ತಮ್ಮ ಹಳೆಯ ಉಣ್ಣೆ ಬೂಟುಗಳನ್ನು ತಂದು ಅವನ ಮುಂದಿಟ್ಟರು.

"ಹಾಕ್ಕೊಳ್ಳಪ್ಪ. ನಿನ್ನ ಕಾಲುಬೆರಳು ಉದುರಿಹೋದ್ರೆ ಅದನ್ನೂ ನಾನೇ ಕೂತಲ್ಲಿಂದ ಬರೆದೆ ಅಂದಾರು."

ಎರ್ಮೆಕ್ ತಲೆ ತಗ್ಗಿಸಿ ಬೂಟು ಹಾಕಿಕೊಂಡ. ಒಳ್ಳೆಯ ಮನುಷ್ಯ, ಆದರೆ ಅದನ್ನು ಈಗಲೇ ಒಪ್ಪಿಕೊಳ್ಳುವುದಕ್ಕೆ ಮೀರಿಮ್ ತಯಾರಿರಲಿಲ್ಲ.

ಅಪ್ಪನಿಗೆ ವಯಸ್ಸಾದ ಮೇಲೆ ಓದುವ ಕೆಲಸ ಮೀರಿಮ್‌ಳದು. ಮರುದಿನ ಬೆಳಗ್ಗೆ ಆರಕ್ಕೆ ಅವಳು ಲಾಟೀನು ಹಿಡಿದು ಹೊರಟಾಗ ಅವನೂ ಹಿಂದೆ ಬಂದ. ಮನೆಯಿಂದ ನಲವತ್ತು ಹೆಜ್ಜೆ ಆಚೆ, ಉದ್ದ ಕಾಲುಗಳ ಮೇಲೆ ನಿಂತ ಬಿಳಿ ಪೆಟ್ಟಿಗೆ. ಮೀರಿಮ್ ಮೂರು ಮೆಟ್ಟಿಲು ಹತ್ತಿ, ಉಸಿರು ಬಿಗಿ ಹಿಡಿದು ಬಾಗಿಲು ತೆಗೆದಳು. ಉಸಿರು ತಾಗಿದರೆ ಓದು ಕೆಡುತ್ತದೆ. ಪಾದರಸ ಹೆಪ್ಪುಗಟ್ಟಿತ್ತು. ಪಕ್ಕದ ಸ್ಪಿರಿಟ್ ಉಷ್ಣಮಾಪಕವನ್ನು ಓದಿದಳು.

"ಮೈನಸ್ ನಲವತ್ತಮೂರು. ನೀವೇ ನೋಡಿ, ಆಮೇಲೆ ನಾವು ಸುಳ್ಳು ಹೇಳಿದ್ವಿ ಅನ್ಬೇಡಿ."

ಅವನು ನೋಡಿದ. ತನ್ನದೇ ಯಂತ್ರ ತೆಗೆದು ನೋಡಿದ. ಅದೇ ನಲವತ್ತಮೂರು. ಅದೇ ಬೆಳಗಿಗೆ ಕಂಪ್ಯೂಟರ್ ಹೇಳಿದ್ದು ಮೈನಸ್ ಇಪ್ಪತ್ತನಾಲ್ಕು.

ಆಮೇಲಿನ ಹನ್ನೊಂದು ದಿನ ಇಬ್ಬರೂ ಕಣಿವೆಯ ತಳದಿಂದ ಮೇಲಿನ ಕಣಿವೆದಾರಿಯವರೆಗೆ ಏಳು ಕಡೆ ಸಣ್ಣ ಅಳತೆಯಂತ್ರಗಳನ್ನು ನೆಟ್ಟರು, ದಿನವೂ ಹತ್ತಿ ಇಳಿದು ಓದಿದರು. ಆಕಾಶ ಸ್ವಚ್ಛವಾಗಿದ್ದ ಬೆಳಗಿನಲ್ಲೆಲ್ಲ ತಳದಲ್ಲಿ ನಲವತ್ತರ ಚಳಿ, ನಾನೂರು ಮೀಟರ್ ಮೇಲೆ ಇಪ್ಪತ್ತೆರಡು. ತಣ್ಣನೆಯ ಗಾಳಿ ಭಾರ. ಬೀಸುಗಾಳಿಯೂ ಮೋಡವೂ ಇಲ್ಲದ ದಿನ ಅದು ಇಳಿಜಾರಿನಲ್ಲಿ ಜಾರಿ ಬಂದು ಬಟ್ಟಲಿನಲ್ಲಿ ಹಾಲು ನಿಂತಂತೆ ಕಣಿವೆಯಲ್ಲಿ ನಿಂತುಬಿಡುತ್ತದೆ. ಇಲ್ಲಿನ ಕುರಿಗಾಹಿಗಳು ಚಳಿಗಾಲದ ದೊಡ್ಡಿಯನ್ನು ಎಂದೂ ತಳದಲ್ಲಿ ಕಟ್ಟುವುದಿಲ್ಲ, ಗುಡ್ಡದ ಅರ್ಧಕ್ಕೆ ಕಟ್ಟುತ್ತಾರೆ. ಎರ್ಮೆಕ್ ಅಂಥ ಒಂದು ದೊಡ್ಡಿಯ ಮುಂದೆ ಬಹಳ ಹೊತ್ತು ನಿಂತಿದ್ದ.

"ಇದು ಕುರಿಗೂ ಗೊತ್ತು, ನನಗೆ ಗೊತ್ತಿರಲಿಲ್ಲ" ಎಂದ.

"ಕಂಪ್ಯೂಟರಿಗೆ ಯಾಕೆ ಗೊತ್ತಾಗ್ಲಿಲ್ಲ?"

ಅವನು ಕೋಲಿನಿಂದ ಹಿಮದ ಮೇಲೆ ಚೌಕ ಬರೆದ. ಇಡೀ ಭೂಮಿಯನ್ನು ಹೀಗೆ ಕತ್ತರಿಸುತ್ತೇವೆ, ಒಂದೊಂದು ಚೌಕ ಇಪ್ಪತ್ತೈದು ಕಿಲೋಮೀಟರ್, ಒಂದು ಚೌಕಕ್ಕೆ ಒಂದೇ ಎತ್ತರ, ಒಂದೇ ಚಳಿ, ಬೆಟ್ಟ ಕಣಿವೆ ಎಲ್ಲವನ್ನೂ ಹಿಟ್ಟಿನ ಹಾಗೆ ಸೇರಿಸಿ ನಾದಿಬಿಡುತ್ತೇವೆ ಎಂದ.

"ನಮ್ಮ ಕಣಿವೆ ಮೂರೇ ಕಿಲೋಮೀಟರ್ ಅಗಲ."

"ಹೂಂ. ಅದರ ಪ್ರಕಾರ ನಿಮ್ಮ ಕಣಿವೆ ಇಲ್ಲವೇ ಇಲ್ಲ."

"ಇಪ್ಪತ್ತೊಂಬತ್ತು ವರ್ಷದಿಂದ ಇಲ್ಲದ ಜಾಗದಲ್ಲಿ ಬದುಕ್ತಿದ್ದೀನಿ ಅನ್ನಿ..." ಎಂದು ಮೀರಿಮ್ ನಕ್ಕಳು. ಅವನ ಎದುರು ಅವಳು ನಕ್ಕಿದ್ದು ಅದೇ ಮೊದಲು. ಎರ್ಮೆಕ್‌ಗೆ ಅವತ್ತು ಅಳತೆಯಂತ್ರ ಓದುವುದೇ ಮರೆತುಹೋಯಿತು, ಮತ್ತೆ ಹತ್ತಬೇಕಾಯಿತು.

ಹಾಗೆ ಹತ್ತಿದ ಒಂದು ದಿನವೇ ಅದು ನಡೆದದ್ದು. ಉಸಿರಿನ ಹಬೆ ಹೆಪ್ಪುಗಟ್ಟಿ ಅವನ ಕಣ್ಣರೆಪ್ಪೆಗಳು ಅಂಟಿಕೊಂಡವು. ಅವನು ಗಾಬರಿಯಲ್ಲಿ ಉಜ್ಜಲು ಹೋದ. ಉಜ್ಜಬೇಡಿ, ಕೂದಲು ಕಿತ್ತುಬರುತ್ತದೆ ಎಂದು ಮೀರಿಮ್ ತಡೆದಳು. ಕೈಗವಸು ತೆಗೆದು ಎರಡೂ ಅಂಗೈಗಳನ್ನು ಅವನ ಕಣ್ಣಿನ ಮೇಲಿಟ್ಟಳು. ಮಂಜು ಕರಗಿ ನೀರಾಗಿ ಅವಳ ಮಣಿಕಟ್ಟಿಗೆ ಇಳಿಯಿತು. ರೆಪ್ಪೆ ಬಿಟ್ಟುಕೊಂಡ ಮೇಲೂ ಅವನು ಸರಿಯಲಿಲ್ಲ, ಅವಳೂ ಕೈ ತೆಗೆಯಲಿಲ್ಲ.

'ಇವನು ನಮ್ಮಪ್ಪನನ್ನು ಸುಳ್ಳುಗಾರ ಅಂದವನು' ಎಂದು ತನಗೆ ತಾನೇ ನೆನಪಿಸಿಕೊಂಡಳು. ಮನಸ್ಸು ಆ ಮಾತು ಕೇಳಿಸಿಕೊಳ್ಳಲಿಲ್ಲ.

ಕುಬಾತ್ ಅತಾ ಮುದುಕರೇ ಹೊರತು ಕುರುಡರಲ್ಲ. ಅಂದು ಚಹಾ ಕುಡಿಯುವಾಗ, ಇಬ್ಬರ ಮುಖವೂ ಕೆಂಪಗಿದೆಯಲ್ಲ, ಇವತ್ತು ಎಷ್ಟು ಡಿಗ್ರಿ ಎಂದು ಕೇಳಿದರು. ಇಬ್ಬರಿಗೂ ಅಂಕಿ ನೆನಪಿರಲಿಲ್ಲ.

* * *

ಹನ್ನೊಂದನೆಯ ದಿನ ಎರ್ಮೆಕ್ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಹರಡಿ ಅವಳನ್ನು ಕರೆದ. ತಪ್ಪು ತನ್ನದು ಎಂದು ಒಪ್ಪಿಕೊಂಡ. ಸ್ವಚ್ಛ ಆಕಾಶದ ಬೆಳಗುಗಳಲ್ಲಿ ಪುಸ್ತಕವೇ ಸರಿ, ಮಾದರಿಯನ್ನೇ ತಿದ್ದಬೇಕು, ಈ ಪುಸ್ತಕಗಳಿಲ್ಲದೆ ತಿದ್ದಲು ಬೇರೆ ದಾರಿಯೇ ಇಲ್ಲ ಎಂದ. ಮೀರಿಮ್‌ಳ ಕಣ್ಣು ತುಂಬಿಬಂತು.

"ಆದರೆ..." ಎಂದ. "ಒಂದು ಕಡೆ ಮಾತ್ರ ಸರಿಹೋಗ್ತಿಲ್ಲ. ತೊಂಬತ್ತೆಂಟರ ಫೆಬ್ರವರಿ. ಮೂರನೇ ತಾರೀಕಿನಿಂದ ಹತ್ತೊಂಬತ್ತರವರೆಗೆ. ಹದಿನೇಳು ಬೆಳಗು."

ಅವಳ ತುಂಬಿದ ಕಣ್ಣು ಹಾಗೇ ನಿಂತಿತು.

ಅವನು ಹೇಳುತ್ತಾ ಹೋದ. ಆ ಹದಿನೇಳು ದಿನ ಪಶ್ಚಿಮದಿಂದ ಬಂದ ಮೋಡ ಇಡೀ ದೇಶದ ಮೇಲೆ ಕೂತಿತ್ತು. ಮೋಡವೆಂದರೆ ಕಂಬಳಿ, ಅದು ಹೊದ್ದಿದ್ದಾಗ ಕಣಿವೆಯಲ್ಲಿ ತಣ್ಣನೆಯ ಗಾಳಿ ನಿಲ್ಲುವುದಿಲ್ಲ. ಕಂಪ್ಯೂಟರ್ ಲೆಕ್ಕದಲ್ಲಿ ಮೈನಸ್ ಹದಿನೆಂಟು. ಪುಸ್ತಕದಲ್ಲಿ ನಲವತ್ತೊಂದು, ನಲವತ್ತು, ನಲವತ್ತೆರಡು, ಮತ್ತೆ ನಲವತ್ತೊಂದು.

"ಸಣ್ಣ ಕಣಿವೆ ಅದಕ್ಕೆ ಕಾಣಲ್ಲ, ಒಪ್ತೀನಿ. ಆದ್ರೆ ಸಾವಿರ ಮೈಲಿ ಮೋಡ ಅದರ ಕಣ್ಣು ತಪ್ಪಿಸಲ್ಲ. ಇಲ್ಲಿ ನಾನು ಕಂಪ್ಯೂಟರನ್ನೇ ನಂಬ್ತೀನಿ." ದನಿ ತಗ್ಗಿಸಿ ಕೇಳಿದ, "ಆ ದಿನಗಳಲ್ಲಿ ಬೇರೆ ಯಾರಾದ್ರೂ ಓದಿದ್ರಾ, ಮೀರಿಮ್?"

"ಇಲ್ಲ. ಅಪ್ಪನೇ ಓದಿದ್ದು."

"ಒಂದ್ಸಲ ಯೋಚನೆ ಮಾಡಿ..."

"ಯೋಚನೆ ಏನು? ಮೊದಲು ಮೂವತ್ತೊಂದು ವರ್ಷ ಸುಳ್ಳು ಅಂದ್ರಿ. ಈಗ ಹದಿನೇಳು ದಿನ ಸುಳ್ಳು ಅಂತೀರಿ. ನಮ್ಮ ಉಪ್ಪು ತಿಂದು, ನಮ್ಮಪ್ಪನ ಬೂಟು ಹಾಕ್ಕೊಂಡು... ಹೊರಡಿ ಬಾಯ್ಕೆ. ನಾಳೆ ಜೀಪು ಬರತ್ತೆ."

ಅವನು ಬೆಳಗ್ಗೆ ಹೊರಟ. ಬೂಟುಗಳನ್ನು ಬಾಗಿಲ ಬಳಿ ಜೋಡಿಸಿಟ್ಟು, ಅದೇ ತೆಳ್ಳನೆಯ ಬೂಟಿನಲ್ಲಿ ಹಿಮದ ಮೇಲೆ ನಡೆದುಹೋದ. ಮೀರಿಮ್ ಕಿಟಕಿಯ ಹಿಂದೆ ನಿಂತು ನೋಡಿದಳು. ಹೋಗು ಎಂದವಳೇ ಅವಳು, ಹೋದನಲ್ಲ ಎಂದು ಅತ್ತವಳೂ ಅವಳೇ.

* * *

ಮಾರ್ಚ್ ಮೊದಲ ವಾರ. ಫೋನಿಗೆ ಸಿಗ್ನಲ್ ಸಿಗಬೇಕಾದರೆ ಮನೆಯ ಹಿಂದಿನ ದಿಣ್ಣೆ ಹತ್ತಬೇಕು. ಅಂದು ಹತ್ತಿದಾಗ ಎರ್ಮೆಕ್‌ನ ದನಿಸಂದೇಶ ಕಾದಿತ್ತು.

"ಮೀರಿಮ್, ವರದಿ ಮುಗಿಸಿದೆ. ಹನ್ನೊಂದು ಸಾವಿರದ ಮುನ್ನೂರು ಬೆಳಗೂ ನಿಜ ಅಂತ ಬರೆದಿದ್ದೀನಿ. ಆ ಹದಿನೇಳೂ ಸೇರಿ. ಲೆಕ್ಕ ಇವತ್ತಿಗೂ ಬೇಡ ಅಂತಾನೇ ಇದೆ. ಆದ್ರೆ ನೀವು ಹೇಳಿದ್ರಲ್ಲ... ನನಗೆ ಅಷ್ಟು ಸಾಕು. ನಾಡಿದ್ದು ಸಭೆ. ನನ್ನ ಹೆಸರಲ್ಲೇ ಓದ್ತೀನಿ."

ಕುಣಿದಾಡಬೇಕಾದ ಹುಡುಗಿ ಹಿಮದ ಮೇಲೇ ಕೂತುಬಿಟ್ಟಳು.

ಯಾಕೆಂದರೆ ಆ ಹದಿನೇಳು ಬೆಳಗುಗಳನ್ನು ಓದಿದ್ದು ಅಪ್ಪನಲ್ಲ. ಅವಳು.

ಆಗ ಅವಳಿಗೆ ಒಂಬತ್ತು ವರ್ಷ. ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಸೋವಿಯತ್ ಒಕ್ಕೂಟ ಒಡೆದ ಮೇಲಿನ ಆ ಕಷ್ಟದ ದಿನಗಳಲ್ಲಿ ಕೇಂದ್ರದಲ್ಲಿ ಬೇರೆ ಕೆಲಸಗಾರರೇ ಇರಲಿಲ್ಲ, ದಿನಕ್ಕೆ ಬೆಳಗಿನ ಒಂದೇ ಓದು. ಅಪ್ಪ ಕುದುರೆಯಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡು ಒಲೆಯ ಪಕ್ಕ ಮಲಗಿದ್ದರು. ನೀನೇ ಓದಿ ಬಾ ಎಂದು ಅವಳನ್ನು ಕಳಿಸಿದರು. ಮೊದಲ ದಿನ, ಎರಡನೇ ತಾರೀಕು, ಹೋದಳು, ಓದಿದಳು. ಬಿಳಿ ಪೆಟ್ಟಿಗೆಯ ಸುತ್ತ ತೋಳದ ಹೆಜ್ಜೆ ಕಂಡಳು. ಮರುದಿನದಿಂದ ಅವಳು ಹೊಸಿಲು ದಾಟಲಿಲ್ಲ. ಬಾಗಿಲು ತೆಗೆದು, ಕತ್ತಲೆಯ ಅಂಚಿನಲ್ಲಿ ನಿಂತು ನೂರರವರೆಗೆ ಎಣಿಸಿ, ಒಳಗೆ ಬಂದು ಮೊದಲ ದಿನದ ಅಂಕಿಯ ಆಚೀಚೆ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದಳು. ಇಪ್ಪತ್ತನೇ ತಾರೀಕು ಕೋಲೂರಿ ತಾವೇ ಎದ್ದುಹೋಗುವವರೆಗೆ ಅಪ್ಪ ಮಲಗಿದಲ್ಲೇ ಬರೆದುಕೊಳ್ಳುತ್ತಿದ್ದರು.

ಓದುವವರು ಮನೆಯಿಂದ ಹೊರಗೆ ಹೋಗದೆಯೇ ಬರೆದಿರಬೇಕು ಎಂದು ಎರ್ಮೆಕ್ ಅಂದು ಸಭೆಯಲ್ಲಿ ಹೇಳಿದ್ದು ಈ ಹದಿನೇಳು ದಿನದ ಮಟ್ಟಿಗೆ ಅಕ್ಷರಶಃ ನಿಜವಾಗಿತ್ತು. ಸಾವಿರ ಮೈಲಿ ಹರಡಿದ್ದ ಮೋಡವನ್ನು ಹಿಡಿದು ಒಂದು ಯಂತ್ರ, ಇಪ್ಪತ್ತು ವರ್ಷದ ಹಿಂದೆ ಹೊಸಿಲಲ್ಲಿ ನಿಂತಿದ್ದ ಒಂದು ಮಗುವಿನ ಸುಳ್ಳನ್ನು ಪತ್ತೆಹಚ್ಚಿತ್ತು.

ಹೇಳಿದರೆ ಅಪ್ಪನ ಮೂವತ್ತೊಂದು ವರ್ಷವೂ ಕಸದ ಬುಟ್ಟಿಗೆ ಹೋಗಬಹುದು. ಹೇಳದಿದ್ದರೆ ಎರ್ಮೆಕ್ ಆ ಸುಳ್ಳು ಚಳಿಯನ್ನೇ ನಂಬಿ ಮಾದರಿಯನ್ನು ತಿದ್ದುತ್ತಾನೆ, ಮೋಡದ ದಿನವೂ ಕಣಿವೆ ಹೆಪ್ಪುಗಟ್ಟುತ್ತದೆ ಎಂದು ಕಲಿಸುತ್ತಾನೆ. ಮುಂದಿನ ಐವತ್ತು ವರ್ಷದ ಮಾತೇ ತಪ್ಪುತ್ತದೆ. ಯಾರೋ ಒಬ್ಬರು ಅದನ್ನು ಕಂಡುಹಿಡಿದ ದಿನ ಅವನ ಹೆಸರು ಮಣ್ಣುಪಾಲು. ಅವಳ ಒಂದು ಮಾತು ನಂಬಿದ್ದಕ್ಕೆ.

ಅವಳು ಕೆಳಗಿಳಿದು ಬಂದು ಅಪ್ಪನ ಮುಂದೆ ಕೂತಳು. ಅವರು ಕುದುರೆಯ ಕಡಿವಾಣ ಹೊಲಿಯುತ್ತಿದ್ದರು. ಮುಖ ನೋಡದೆ ಎಲ್ಲವನ್ನೂ ಹೇಳಿಬಿಟ್ಟಳು. ಕುಬಾತ್ ಅತಾ ಹೊಲಿಗೆ ನಿಲ್ಲಿಸಲಿಲ್ಲ.

"ಗೊತ್ತು ಮಗಳೇ" ಎಂದರು.

"ಏನು ಗೊತ್ತು?"

"ಬಾಗಿಲು ತೆಗೆದ ಸದ್ದು ಬರ್ತಿತ್ತು. ಹಿಮದ ಮೇಲೆ ಹೆಜ್ಜೆ ಸದ್ದು ಬರ್ತಿರಲಿಲ್ಲ. ಮಲಗಿದವನಿಗೆ ಕೇಳಿಸ್ಕೊಳ್ಳೋದು ಬಿಟ್ಟು ಬೇರೆ ಕೆಲಸ ಏನಿತ್ತು?"

"ಗೊತ್ತಿದ್ದೂ ಬರೆದ್ರಾ ಅತಾ? ನೀವು?"

"ತಾಯಿಲ್ಲದ ಮಗು, ಹೊರಗೆ ತೋಳ. ಮತ್ತೆ ಹೋಗು ಅನ್ನೋಕೆ ಬಾಯಿ ಬರಲಿಲ್ಲ. ಖಾಲಿ ಬಿಡಬಹುದಿತ್ತು. ಅಲ್ಲೀವರೆಗಿನ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಖಾಲಿ ಬಿಟ್ಟೋನಲ್ಲ ನಾನು, ಆ ಜಂಬ ಬಿಡಲಿಲ್ಲ." ದಾರ ಕಡಿದು ಅವಳನ್ನು ನೋಡಿದರು. "ನೀನು ಮಗು, ಹೆದರಿದೆ. ಸುಳ್ಳು ಬರೆದೋನು ನಾನು. ಆ ಹುಡುಗ ನಿನ್ನ ಮಾತಿನ ಮೇಲೆ ತನ್ನ ಹೆಸರು ಇಟ್ಟಿದ್ದಾನೆ. ಹೋಗಿ ಹೇಳು."

ಹೊರಡುವಾಗ ನಾಳೆಯ ಓದು ಯಾರು ನೋಡುತ್ತಾರೆ ಎಂದು ಅವಳು ಕೇಳಿದಳು. ಮುದುಕರು, ನಾನಿದ್ದೀನಿ ಎಂಬಂತೆ, ತಮ್ಮ ಊರುಗೋಲು ತೋರಿಸಿದರು.

* * *

ಅವಳು ಸಭಾಂಗಣದ ಬಾಗಿಲು ತಳ್ಳಿದಾಗ ಎರ್ಮೆಕ್ ಪರದೆಯ ಮುಂದೆ ನಿಂತಿದ್ದ. ಅವಳನ್ನು ಕಂಡು ಅವನ ಮುಖ ಅರಳಿದ್ದು ಕೊನೆಯ ಸಾಲಿನವರಿಗೂ ಕಾಣಿಸಿತು. ಆ ಮುಖವನ್ನು ಇನ್ನು ಅರೆಕ್ಷಣದಲ್ಲಿ ಮೀರಿಮ್ ತಾನೇ ಬಾಡಿಸಬೇಕಿತ್ತು.

ಝೈನಾ ಎಜೆಯ ಅಪ್ಪಣೆ ಕೇಳಿ ಹೇಳಿದಳು. ಹೊಸಿಲು, ತೋಳದ ಹೆಜ್ಜೆ, ನೂರರ ಎಣಿಕೆ, ಅಪ್ಪನ ಮೌನ, ಜನವರಿಯಲ್ಲಿ ತಾನು ಎರ್ಮೆಕ್‌ಗೆ ಹೇಳಿದ ಎರಡನೇ ಸುಳ್ಳು. ಏನನ್ನೂ ಬಿಡಲಿಲ್ಲ. ಹೇಳಿ ಮುಗಿದಾಗ ಅವನತ್ತ ನೋಡುವ ಧೈರ್ಯ ಮಾತ್ರ ಉಳಿದಿರಲಿಲ್ಲ.

ಮುಂದಿನ ಸಾಲಿನ ಒಬ್ಬರು, ಹಾಗಾದರೆ ಇಡೀ ಪುಸ್ತಕವನ್ನೇ ನಂಬುವ ಹಾಗಿಲ್ಲ, ಕೈಬಿಡೋಣ ಎಂದರು.

ಎರ್ಮೆಕ್‌ನ ಮುಖ ಬಿಳಿಚಿಕೊಂಡಿತ್ತು. ತನ್ನ ವರದಿಯಿಂದ ಆ ಹದಿನೇಳು ಬೆಳಗಿನ ಹಾಳೆ ತೆಗೆದು ಮಡಚಿ ಜೇಬಿಗಿಟ್ಟುಕೊಂಡ.

"ಹನ್ನೊಂದು ಸಾವಿರದ ಮುನ್ನೂರು ಬೆಳಗಿನಲ್ಲಿ ಹದಿನೇಳು ಸುಳ್ಳು. ಆ ಹದಿನೇಳನ್ನೂ ನಮ್ಮ ಲೆಕ್ಕ ಹಿಡೀತು. ನಮ್ಮ ಲೆಕ್ಕಕ್ಕೆ ಕಾಣದೇ ಇದ್ದ ಕಣಿವೆಯನ್ನ ಉಳಿದ ಬೆಳಗುಗಳು ಹಿಡಿದವು. ಇವತ್ತಿನವರೆಗೆ ಎರಡರಲ್ಲಿ ಯಾವುದನ್ನ ನಂಬೋದು ಅಂತ ಯೋಚಿಸ್ತಿದ್ದೆ. ಈಗ ಎರಡನ್ನೂ ನಂಬ್ತೀನಿ" ಎಂದ. ಅವಳತ್ತ ನೋಡಲಿಲ್ಲ.

ಚರ್ಚೆ ಒಂದು ಗಂಟೆ ನಡೆಯಿತು. ಕುಬಾತ್ ಅತಾ ಅವರ ಮೂವತ್ತೊಂದು ವರ್ಷ ದೇಶದ ದಾಖಲೆಗೆ ಸೇರಿತು. ಹದಿನೇಳು ಬೆಳಗಿನ ಅಂಕಣಗಳು ಮಾತ್ರ ಖಾಲಿ ಉಳಿದವು.

* * *

ಹೊರಗೆ ರಸ್ತೆಬದಿಯ ಕಾಲುವೆಯಲ್ಲಿ ಹಿಮ ಕರಗಿದ ನೀರು ಸದ್ದು ಮಾಡುತ್ತಾ ಹರಿಯುತ್ತಿತ್ತು. ಎರ್ಮೆಕ್ ಮುಂದೆ ಮುಂದೆ ನಡೆದ. ಮೀರಿಮ್ ಹಿಂದೆ ಹಿಂದೆ ಬಂದಳು. ಪಾಪ್ಲರ್ ಮರಗಳ ಸಾಲು ಮುಗಿಯುವವರೆಗೂ ಅವನು ತಿರುಗಲಿಲ್ಲ.

"ಅವತ್ತು ನಾನು ಕೇಳಿದಾಗ್ಲೇ ಹೇಳ್ಬಹುದಿತ್ತು."

"ಅಪ್ಪನ ಪುಸ್ತಕ ಎಲ್ಲಾ ಹೋಗಿಬಿಡತ್ತೆ ಅಂತ ಹೆದರಿದೆ. ಆಮೇಲೆ... ನೀವೂ ಹೋಗಿಬಿಡ್ತೀರಿ ಅಂತ."

"ಅದಕ್ಕೆ ನೀವೇ ಕಳಿಸಿಬಿಟ್ರಾ?"

ಅವಳು ತಲೆ ತಗ್ಗಿಸಿದಳು. ಅವನ ಸಿಟ್ಟು ಅಲ್ಲಿಗೇ ಸೋತಿತು.

"ತಪ್ಪು ನಂದೂ ಇದೆ" ಎಂದ. "ಲೆಕ್ಕ ಬೇಡ ಬೇಡ ಅಂತಿದ್ರೂ ನಿಮ್ಮ ಮುಖ ನೆನೆಸ್ಕೊಂಡು ಬರೆದೆ. ವಿಜ್ಞಾನಿ ಮಾಡೋ ಕೆಲಸ ಅಲ್ಲ ಅದು."

"ಮತ್ತೆ ಯಾರು ಮಾಡೋ ಕೆಲಸ?"

"ಗೊತ್ತಿದ್ದೂ ಕೇಳ್ತೀಯಲ್ಲ."

ಅವಳಿಗೆ ಗೊತ್ತಿತ್ತು. ಆದರೂ ಇನ್ನೊಂದು ಪ್ರಶ್ನೆ ಉಳಿದಿತ್ತು. "ಇನ್ಮೇಲೆ ನನ್ನ ಮಾತು ನಂಬ್ತೀರಾ?"

ಎರ್ಮೆಕ್ ಸುಳ್ಳು ಸಮಾಧಾನ ಹೇಳಲಿಲ್ಲ.

"ಎಲ್ಲಿ ತಪ್ಪತ್ತೆ ಅಂತ ಗೊತ್ತಾದ್ರೆ ಉಳಿದಿದ್ದನ್ನ ಧೈರ್ಯವಾಗಿ ನಂಬಬಹುದು. ಹತ್ತು ವರ್ಷ ಕಂಪ್ಯೂಟರ್ ಜೊತೆ ಹಾಗೇ ಬಾಳಿದ್ದೀನಿ. ನೀನು ತಪ್ಪೋದು ಹೆದರಿದಾಗ. ಅದು ಗೊತ್ತಾಯ್ತಲ್ಲ."

ಮೀರಿಮ್ ಅಳಬಾರದು ಅಂದುಕೊಂಡಿದ್ದಳು. ಅತ್ತಳು. ಅಳುತ್ತಲೇ, ಅಪ್ಪನಿಗೂ ಹೇಳದ ಮಾತೊಂದನ್ನು ಹೇಳಿದಳು.

"ಈಗಲೂ ಹೆದರಿಕೆ ಆಗತ್ತೆ ಎರ್ಮೆಕ್. ಚಳಿಗಾಲದ ಬೆಳಗ್ಗೆ, ಪ್ರತಿದಿನ. ಹೋಗ್ತೀನಿ, ಸರಿಯಾಗಿ ಓದ್ತೀನಿ. ಆದ್ರೆ ಆ ನಲವತ್ತು ಹೆಜ್ಜೆ ಹೆದರ್ಕೊಂಡೇ ಹೋಗ್ತೀನಿ."

ಈ ಸಲ ಅವಳು ಬಾಯ್ಕೆ ಎನ್ನಲಿಲ್ಲ. ಅವನು ಹತ್ತಿರ ಬಂದು ಅವಳ ಎರಡೂ ಕೈ ಹಿಡಿದುಕೊಂಡ.

"ಎಷ್ಟು ಗಂಟೆಗೆ ಏಳಬೇಕು?"

"ಯಾರು?"

"ನಾವು."

ಅವಳು ಕಣ್ಣೊರೆಸಿಕೊಳ್ಳಲೂ ಮರೆತು ಅವನನ್ನು ನೋಡಿದಳು. "ಐದೂವರೆಗೆ. ನಿನ್ನ ಕಂಪ್ಯೂಟರು?"

"ಅದೂ ಬರತ್ತೆ. ಚಳಿ ಅಂದ್ರೇನು ಅಂತ ಅದಕ್ಕೂ ಗೊತ್ತಾಗ್ಲಿ."

"ದಿನಾ ಏಳ್ತೀಯಾ?"

"ದಿನಾ."